ಪೀಣ್ಯದ ಸಣ್ಣ ಶಾಪಿಗೆ ಯಾವ ಕ್ಯಾಡ್? ಹಳೇ ಆಟೋಕ್ಯಾಡ್ ಸಾಕಾ, ತ್ರೀಡಿಗೆ ಹೋಗಲೇಬೇಕಾ?

ಪ್ಯಾನೆಲ್ ಪೀಣ್ಯ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪು. ಎಲೆಕ್ಟ್ರಿಕಲ್ ಪ್ಯಾನೆಲ್ ಬಾಕ್ಸ್, ಮಷಿನ್ ಕವರ್, ಬ್ರಾಕೆಟ್, ಆಗೊಮ್ಮೆ ಈಗೊಮ್ಮೆ ವೆಲ್ಡಿಂಗ್ ಫಿಕ್ಸ್‌ಚರ್. ಪ್ರೆಸ್ ಬ್ರೇಕ್ (ಶೀಟ್ ಬಗ್ಗಿಸೋ ಮಷಿನ್) ನಮ್ಮಲ್ಲೇ ಇದೆ, ಲೇಸರ್ ಕಟಿಂಗ್ ಹೊರಗೆ ಕೊಡ್ತೀವಿ. ಡ್ರಾಯಿಂಗ್ ಮಾಡೋರು ಇಬ್ಬರು: ನಾನು, ಮತ್ತೆ ಐಟಿಐ ಮುಗಿಸಿ ಬಂದ ಒಬ್ಬ ಹುಡುಗ.

ಅಪ್ಪ ತಗೊಂಡಿದ್ದ ಆಟೋಕ್ಯಾಡ್ ಎಲ್‌ಟಿ 2013 (ಟೂಡಿ ಮಾತ್ರ ಇರೋ ಅಗ್ಗದ ಆವೃತ್ತಿ) ಇದೆ, ಪರ್ಮನೆಂಟ್ ಲೈಸೆನ್ಸು. ವಿಂಡೋಸ್ 7 ಕಂಪ್ಯೂಟರ್‌ನಲ್ಲಿ ಇವತ್ತಿಗೂ ನಡೀತಿದೆ. ಆದರೆ ಆ ಕಂಪ್ಯೂಟರ್ ಯಾವಾಗ ಕೈ ಕೊಡುತ್ತೋ ಗೊತ್ತಿಲ್ಲ. ಇನ್ನೊಂದು ತಲೆನೋವು ಅಂದ್ರೆ ಹೊಸ ಕಸ್ಟಮರ್‌ಗಳೆಲ್ಲ ಸ್ಟೆಪ್ ಫೈಲ್ (ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಓಡಾಡೋ ತ್ರೀಡಿ ಮಾಡೆಲ್) ಕಳಿಸ್ತಾರೆ, ನಮಗೆ ತೆಗೆಯೋಕೇ ಆಗಲ್ಲ. ಪಿಡಿಎಫ್ ಕೇಳಿಸ್ಕೊಂಡು, ನೋಡ್ಕೊಂಡು ಮತ್ತೆ ಗೆರೆ ಎಳೀತೀವಿ.

ಮನಸ್ಸಲ್ಲಿರೋದು: ಆಟೋಕ್ಯಾಡ್ ಎಲ್‌ಟಿ ವರ್ಷದ ಚಂದಾ, ಬ್ರಿಕ್ಸ್‌ಕ್ಯಾಡ್ ಅಥವಾ ಜೆಡ್‌ಡಬ್ಲ್ಯುಕ್ಯಾಡ್, ಸಾಲಿಡ್‌ವರ್ಕ್ಸ್, ಇಲ್ಲಾಂದ್ರೆ ಫ್ರೀಕ್ಯಾಡ್. ಕ್ರ್ಯಾಕ್ ವರ್ಶನ್ ಸಲಹೆ ದಯವಿಟ್ಟು ಬೇಡ. ಅನುಭವ ಇರೋರು ಹೇಳಿ.

ಒಂದೇ ಮಾತು

ಸಾಲಿಡ್‌ವರ್ಕ್ಸ್ ತಗೊಳ್ಳಿ, ಮುಗೀತು.

ಪೆಂಗ್ವಿನ್

ದುಡ್ಡು ಇವರು ಕೊಡ್ತಾರಂತಾ?

ಫ್ರೀಕ್ಯಾಡ್ 1.0 ಬಂದಿದ್ದು 2024ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ನೋಡಿ ಬಿಟ್ಟೋರು ಇನ್ನೊಂದ್ಸಲ ನೋಡಿ ಅಂತ ಎಲ್ಲರಿಗೂ ಹೇಳ್ತಾ ಇದೀನಿ. ಸ್ಟೆಪ್ ತೆಗೆಯೋಕೆ, ಅಳತೆ ನೋಡೋಕೆ ಒಂದು ರೂಪಾಯಿ ಖರ್ಚಿಲ್ಲ. ಶೀಟ್‌ಮೆಟಲ್ ಆಡ್‌ಆನ್ ಹಾಕ್ಕೊಂಡ್ರೆ ಬಿಚ್ಚಿದ ಶೀಟಿನ ನಕ್ಷೆನೂ (ಬಗ್ಗಿಸೋ ಮುಂಚಿನ ಚಪ್ಪಟೆ ಆಕಾರ) ಬರುತ್ತೆ.

ಹಳೇ ಬೋರ್ಡು

ಪ್ಯಾನೆಲ್ ಅವರೇ, ಸಾಫ್ಟ್‌ವೇರ್ ಹೆಸರು ಆಮೇಲೆ ನೋಡೋಣ. ನಾನು ಮಿನಿ ಡ್ರಾಫ್ಟರ್ ಹಿಡಿದು ಟ್ರೇಸಿಂಗ್ ಪೇಪರ್ ಮೇಲೆ ಇಂಕ್ ಎಳೆದ ಕಾಲದವನು, ಆಮೇಲೆ ಆಟೋಕ್ಯಾಡ್ ಆರ್14ರಲ್ಲಿ ಬಹಳ ವರ್ಷ ಕೂತೆ. ಎರಡು ಕಾಲದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಟೇಬಲ್ಲಿಂದ ಎದ್ದು ಹೋಗೋ ಫೈಲ್ ಯಾರ ಕೈಗೆ ಹೋಗುತ್ತೆ? ನಿಮ್ಮ ಟೇಬಲ್ಲಿಗೆ ಬರೋದು ಯಾರ ಕೈಯಿಂದ?

ಲೇಸರ್‌ನವರಿಗೆ ಏನು ಕೊಡ್ತೀರಿ? ವಾಪಸ್ ಕಸ್ಟಮರ್‌ಗೆ ಅಪ್ರೂವಲ್ ಡ್ರಾಯಿಂಗ್ ಕಳಿಸಬೇಕಾ? ಅವರು ಡಿಡಬ್ಲ್ಯುಜಿ (ಆಟೋಕ್ಯಾಡ್‌ನ ಸ್ವಂತ ಫೈಲ್) ಕೇಳ್ತಾರಾ, ಪಿಡಿಎಫ್ ಸಾಕಾ? ವೆಲ್ಡರ್ ಮುಂದೆ ಏನಿಡ್ತೀರಿ? ಇಷ್ಟು ಬರೀರಿ. ಅರ್ಧ ಉತ್ತರ ಅದರಲ್ಲೇ ಇದೆ.

ಪ್ಯಾನೆಲ್ ಪೀಣ್ಯ

ಸರ್, ಲೇಸರ್‌ನವರಿಗೆ ಡಿಎಕ್ಸ್‌ಎಫ್, ಅಂದ್ರೆ ಬೇರೆ ಸಾಫ್ಟ್‌ವೇರೂ ಓದೋ ಡ್ರಾಯಿಂಗ್ ಫೈಲು. ವೆಲ್ಡರ್‌ಗೆ ಎ3 ಪ್ರಿಂಟ್. ಅಪ್ರೂವಲ್‌ಗೆ ಹೆಚ್ಚಿನವರಿಗೆ ಪಿಡಿಎಫ್ ಸಾಕು, ಇಬ್ಬರು ಹಳೇ ಕಸ್ಟಮರ್ ಮಾತ್ರ ಡಿಡಬ್ಲ್ಯುಜಿನೇ ಕೇಳ್ತಾರೆ. ಅವರು ಕಳಿಸೋ ಡಿಡಬ್ಲ್ಯುಜಿ ಕೆಲವು ನಮ್ಮಲ್ಲಿ ಓಪನ್ ಆಗಲ್ಲ, ‘ಹಳೇ ವರ್ಶನ್‌ಗೆ ಸೇವ್ ಮಾಡಿ ಕಳಿಸಿ’ ಅಂತ ಫೋನ್ ಮಾಡ್ಬೇಕು.

ಹಳೇ ಬೋರ್ಡು

ಹಾಗಿದ್ರೆ ಆ ಫೋನ್ ಇವತ್ತೇ ನಿಲ್ಲಿಸಬಹುದು. ಬಂದ ಡಿಡಬ್ಲ್ಯುಜಿ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆಗೀರಿ. ಪೂರ್ತಿ ಕಸದ ಥರ ಕಾಣುತ್ತೆ, ಹೆದರಬೇಡಿ, ಸೇವ್ ಮಾಡಬೇಡಿ. ಮೊದಲ ಆರು ಅಕ್ಷರ ಮಾತ್ರ ನೋಡಿ. ಎಸಿ1027 ಅಂತಿದ್ರೆ ಅದು 2013ರ ಫಾರ್ಮ್ಯಾಟು, ನಿಮ್ಮಲ್ಲಿ ತೆರೆಯುತ್ತೆ. ಎಸಿ1032 ಅಂತಿದ್ರೆ 2018ರದ್ದು, ನಿಮ್ಮಲ್ಲಿ ತೆರೆಯಲ್ಲ. ಎಸಿ1015 ಅಂದ್ರೆ 2000ದ್ದು, ಹಳೇ ಆರ್ಕೈವ್‌ಗಳಲ್ಲಿ ಇನ್ನೂ ಸಿಗುತ್ತೆ.

ಆಟೋಡೆಸ್ಕ್‌ನವರದ್ದೇ ಡಿಡಬ್ಲ್ಯುಜಿ ಟ್ರೂವ್ಯೂ ಅಂತ ಉಚಿತ ಪ್ರೋಗ್ರಾಮ್ ಇದೆ. ನೋಡಬಹುದು, ಪ್ರಿಂಟ್ ತೆಗೀಬಹುದು, ಹಳೇ ಫಾರ್ಮ್ಯಾಟಿಗೆ ಬದಲಾಯಿಸಬಹುದು. ಒಂದು ಫೋಲ್ಡರ್ ಪೂರ್ತಿ ಒಟ್ಟಿಗೆ ಬದಲಾಯಿಸಬೇಕು ಅಂದ್ರೆ ಓಪನ್ ಡಿಸೈನ್ ಅಲಯನ್ಸ್‌ನವರ ಓಡಿಎ ಫೈಲ್ ಕನ್ವರ್ಟರ್, ಅದೂ ಪುಕ್ಕಟೆ. ವಿಂಡೋಸ್ 7 ಡಬ್ಬದಲ್ಲಿ ಹೊಸ ಟ್ರೂವ್ಯೂ ಕೂರಲ್ಲ, ಬೇರೆ ಕಂಪ್ಯೂಟರ್‌ನಲ್ಲಿ ಹಾಕ್ಕೊಳ್ಳಿ.

ದಾವಣಗೆರೆ ಪ್ಲಾನ್

ನಾನು ಸಿವಿಲ್ ಕಡೆಯವನು, ಮನೆ ಪ್ಲಾನ್, ಲೇಔಟ್, ಎಸ್ಟಿಮೇಟು. ಎಲ್‌ಟಿ ಬಗ್ಗೆ ಒಂದು ಮಾತು ಸೇರಿಸ್ತೀನಿ. ಆಟೋಲಿಸ್ಪ್, ಅಂದ್ರೆ ಪದೇ ಪದೇ ಮಾಡೋ ಕೆಲಸಕ್ಕೆ ಸಣ್ಣ ಪ್ರೋಗ್ರಾಮ್ ಬರೆಯೋ ಭಾಷೆ, ದೊಡ್ಡ ಆಟೋಕ್ಯಾಡ್‌ನಲ್ಲಿ 1986ರಿಂದ ಇದೆ. ಎಲ್‌ಟಿಗೆ ಅದು ಸಿಕ್ಕಿದ್ದು ಎಲ್‌ಟಿ 2024ರಲ್ಲಿ. ಅಂದ್ರೆ ಕೋಣೆ ವಿಸ್ತೀರ್ಣ ಒಟ್ಟಿಗೆ ಬರೆಯೋದು, ಬಾಗಿಲು ಕಿಟಕಿ ಎಣಿಸೋದು ಅಂತೆಲ್ಲ ಲಿಸ್ಪ್ ಇಟ್ಕೊಂಡೋರು ಇಷ್ಟು ವರ್ಷ ಎಲ್‌ಟಿ ಕಡೆ ತಿರುಗಿ ನೋಡ್ತಾ ಇರಲಿಲ್ಲ. ಈಗ ಆ ಅಡ್ಡಿ ಇಲ್ಲ. ಬ್ರಿಕ್ಸ್‌ಕ್ಯಾಡ್‌ನಲ್ಲೂ ಲಿಸ್ಪ್ ಓಡುತ್ತೆ, ನನ್ನ ಹಳೇ ಫೈಲುಗಳು ಬಹುಪಾಲು ಹಾಗೇ ಓಡಿದ್ವು.

ನಮ್ಮ ಕೆಲಸದಲ್ಲಿ ತ್ರೀಡಿ ಯಾರೂ ಕೇಳಲ್ಲ. ಆನ್‌ಲೈನ್‌ನಲ್ಲಿ ಪ್ಲಾನ್ ಹಾಕುವಾಗ ಲೇಯರ್ ಹೆಸರು ಅವರು ಹೇಳಿದಂಗೇ ಇರಬೇಕು, ಪ್ಲಾಟ್ ಗಡಿ ಮುಚ್ಚಿದ ಪಾಲಿಲೈನ್ ಆಗಿರಬೇಕು. ಮೂಲೇಲಿ ಒಂದು ಮಿಲಿಮೀಟರ್ ಬಿಟ್ಟಿದ್ರೂ ಸಾಫ್ಟ್‌ವೇರ್ ವಿಸ್ತೀರ್ಣ ಹಿಡಿಯಲ್ಲ, ಫೈಲ್ ವಾಪಸ್. ಅಲ್ಲಿ ಬೇಕಾಗಿರೋದು ಶಿಸ್ತು, ಅದು ಯಾವ ಡಿಡಬ್ಲ್ಯುಜಿ ಸಾಫ್ಟ್‌ವೇರ್‌ನಲ್ಲಾದ್ರೂ ಆಗುತ್ತೆ.

ಲಿಬ್ರೆಕ್ಯಾಡ್ ಕೂಡ ನೋಡಿದೀನಿ. ಡಿಎಕ್ಸ್‌ಎಫ್ ಮಟ್ಟಿಗೆ ಹಗುರವಾಗಿ ಚೆನ್ನಾಗಿದೆ, ಡಿಡಬ್ಲ್ಯುಜಿ ಬರೆಯಲ್ಲ. ನಮ್ಮಂಥೋರಿಗೆ ಅಲ್ಲಿಗೇ ಮುಗೀತು.

ಕುಡ್ಲ ಕಟ್ಟೋಣ

ಆರ್ಕಿಟೆಕ್ಟ್‌ಗಳ ಕಡೆಯಿಂದ ಸಣ್ಣದೊಂದು. ಸ್ಕೆಚ್‌ಅಪ್‌ನಲ್ಲಿ ಕ್ಲೈಂಟಿಗೆ ಮನೆ ತೋರಿಸ್ಲಿಕ್ಕೆ ಬಹಳ ಸುಲಭ ಉಂಟು, ನಾನು ದಿನಾ ಮಾಡ್ತೇನೆ. ಆದ್ರೆ ಅದ್ರಲ್ಲಿ ವೃತ್ತ ಅಂದ್ರೆ ನಿಜವಾಗಿ ಸಣ್ಣ ಸಣ್ಣ ಗೆರೆಗಳ ಬಹುಭುಜ ಮಾರಾಯ್ರೇ. ಮಾಮೂಲಾಗಿ 24 ಬದಿ. ಅದನ್ನು ಡಿಎಕ್ಸ್‌ಎಫ್ ಮಾಡಿ ಲೇಸರಿಗೆ ಕೊಟ್ರೆ ತೂತು ಗುಂಡಗೆ ಬರುದಿಲ್ಲ. ಹಾಗಾಗಿ ಪ್ಯಾನೆಲ್‌ನವ್ರು ಅದ್ರ ಬಗ್ಗೆ ಯಾರು ಹೇಳಿದ್ರೂ ಕೇಳ್ಬೇಡಿ. ರೆವಿಟ್ ನಿಮ್ಗೆ ಸಂಬಂಧವೇ ಇಲ್ಲ.

ಟೂಲ್‌ರೂಮ್ ಹುಡುಗಿ

ನಾನು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಓದ್ತಾ ಇದೀನಿ. ನಮಗೆ ಎರಡೂ ಕಲಿಸ್ತಾರೆ, ಟೂಡಿ ತ್ರೀಡಿ. ನನ್ನ ಅಣ್ಣ ಎಂಜಿನಿಯರಿಂಗ್, ಅವನಿಗೆ ಮೊದಲ ವರ್ಷದ ಡ್ರಾಯಿಂಗ್ ಲ್ಯಾಬಲ್ಲಿ ಸಾಲಿಡ್ ಎಡ್ಜ್ ಇತ್ತು, ಆದ್ರೆ ಅದ್ರಲ್ಲಿ ಗೆರೆ ಮಾತ್ರ ಎಳೆಸಿದ್ರು.

ಒಂದು ಡೌಟು. ಸ್ಟೆಪ್ ಫೈಲ್ ತೆಗೆದ್ರೆ ಎಡಗಡೆ ಫೀಚರ್ ಪಟ್ಟಿ ಬರಲ್ಲ, ಬರೀ ಇಂಪೋರ್ಟೆಡ್ ಅಂತ ಒಂದು ಸಾಲು. ಎಕ್ಸ್‌ಟ್ರೂಡ್, ಫಿಲೆಟ್ (ಅಂಚು ಗುಂಡಗೆ ಮಾಡೋದು) ಎಲ್ಲ ಎಲ್ಲಿ ಹೋಗುತ್ತೆ?

ವಿಮಾನಪುರ

ಎಲ್ಲೂ ಹೋಗಲ್ಲಮ್ಮ, ಕಳಿಸಿದೋರ ಹತ್ರನೇ ಉಳಿಯುತ್ತೆ. ಸ್ಟೆಪ್ ಅಂದ್ರೆ ಐಎಸ್ಒ 10303. ಅದು ಸಾಗಿಸೋದು ಕೊನೆಯ ಆಕಾರ ಮಾತ್ರ: ಮುಖಗಳು, ಅಂಚುಗಳು, ಅವು ಒಂದಕ್ಕೊಂದು ಹೇಗೆ ಸೇರಿವೆ ಅನ್ನೋದು. ಹೇಗೆ ಕಟ್ಟಿದ್ರು ಅನ್ನೋ ಇತಿಹಾಸ ಅದರಲ್ಲಿಲ್ಲ. ಹಳೇ ಎಪಿ203, ಎಪಿ214ರಲ್ಲಿ ಹೆಚ್ಚಿನವರು ಕಳಿಸೋದು ಬರೀ ಆಕಾರ, ಎಪಿ242ರಲ್ಲಿ ಟಾಲರೆನ್ಸ್ ಮಾಹಿತಿನೂ ಹಾಕಬಹುದು, ಕಳಿಸೋರು ಹಾಕಿದ್ರೆ. ಆದ್ದರಿಂದ ಸ್ಟೆಪ್ ಬಂದ್ರೂ ಪಿಡಿಎಫ್ ಕೇಳೋದು ಬಿಡಬೇಡಿ. ತೂತಿಗೆ ಎಷ್ಟು ಟಾಲರೆನ್ಸ್, ಯಾವ ಕಡೆ ಪೌಡರ್ ಕೋಟಿಂಗ್, ಎಲ್ಲಿ ಟ್ಯಾಪಿಂಗ್, ಅದೆಲ್ಲ ಇರೋದು ಪಿಡಿಎಫ್‌ನಲ್ಲಿ.

ನಾನು ವಿಮಾನದ ಬಿಡಿಭಾಗಗಳ ಕಡೆ ಇದೀನಿ, ಕ್ಯಾಟಿಯಾ. ನಮ್ಮಲ್ಲಿ ಯಾವ ಸಾಫ್ಟ್‌ವೇರ್ ಅಂತ ಚರ್ಚೆನೇ ಇಲ್ಲ, ಕಸ್ಟಮರ್ ಏನು ಬಳಸ್ತಾರೋ ಅದೇ ಆವೃತ್ತಿ, ಅದೇ ಸರ್ವೀಸ್ ಪ್ಯಾಕು. ಹಳೇ ಬೋರ್ಡು ಸರ್ ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಏರ್‌ಬಸ್ ಎ380. ಹ್ಯಾಂಬರ್ಗ್‌ನವರು ಕ್ಯಾಟಿಯಾ ವಿ4ರಲ್ಲಿ, ಟೂಲೂಸ್‌ನವರು ವಿ5ರಲ್ಲಿ. ಒಂದೇ ಕಂಪನಿ, ಒಂದೇ ಹೆಸರಿನ ಸಾಫ್ಟ್‌ವೇರು. ಹ್ಯಾಂಬರ್ಗ್‌ನಿಂದ ಬಂದ ಹಿಂಭಾಗದ ವೈರಿಂಗ್ ಟೂಲೂಸ್‌ನಲ್ಲಿ ಜೋಡಿಸೋಕೆ ಹೋದ್ರೆ ಉದ್ದ ಸಾಲಲಿಲ್ಲ. ಒಂದು ವಿಮಾನದಲ್ಲಿ ಸುಮಾರು 500 ಕಿಲೋಮೀಟರ್ ವೈರು ಅಂದ್ರೆ ಯೋಚನೆ ಮಾಡಿ. 2006ರಲ್ಲಿ ಡೆಲಿವರಿ ಮುಂದಕ್ಕೆ ಹೋಗಿದ್ದು ಹೆಚ್ಚಾಗಿ ಇದರಿಂದಲೇ.

ಸುಮ್ನೆ ಒಂದು ಹೆಮ್ಮೆಯ ಮಾತು: ತೇಜಸ್ ಕಾಲದಲ್ಲಿ ಬೆಂಗಳೂರಿನ ಎಡಿಎ ಕಾಂಪೋಸಿಟ್ ಪದರಗಳನ್ನ ವಿನ್ಯಾಸ ಮಾಡೋಕೆ ಆಟೋಲೇ ಅಂತ ತನ್ನದೇ ಸಾಫ್ಟ್‌ವೇರ್ ಬರೆದಿತ್ತು. ಈಗಿನ ಹುಡುಗರಿಗೆ ಹೆಸರೇ ಗೊತ್ತಿಲ್ಲ.

ನೆಕ್ಕರ್ ದಂಡೆ

ಸ್ಟುಟ್‌ಗಾರ್ಟ್‌ನಿಂದ. ವಿಮಾನಪುರ ಮೇಡಂ ಹೇಳಿದ್ದು ಕಾರಿನ ಲೋಕದಲ್ಲೂ ಹಾಗೇ. 2010ರ ಕೊನೆಗೆ ಡೈಮ್ಲರ್ ಕ್ಯಾಟಿಯಾ ಬಿಟ್ಟು ಸೀಮೆನ್ಸ್ ಎನ್ಎಕ್ಸ್‌ಗೆ ಹೋಗ್ತೀವಿ ಅಂತ ಘೋಷಿಸಿತು. ಒಂದು ಕಂಪನಿ ತೀರ್ಮಾನ ಮಾಡಿದ್ರೆ ಸಪ್ಲೈಯರ್‌ಗಳ ಸಾಲು ಸಾಲೇ ತಿರುಗಬೇಕು. ಇಲ್ಲಿ ಸುತ್ತಮುತ್ತ ಇರೋ ಎಷ್ಟೋ ಡಿಸೈನ್ ಆಫೀಸುಗಳಲ್ಲಿ ಎರಡೂ ಲೈಸೆನ್ಸ್ ಇರುತ್ತೆ, ಬೆಳಗ್ಗೆ ಒಂದು ಕಸ್ಟಮರ್‌ಗೆ ಎನ್ಎಕ್ಸ್, ಮಧ್ಯಾಹ್ನ ಇನ್ನೊಬ್ಬರಿಗೆ ಕ್ಯಾಟಿಯಾ.

ಇನ್ನೊಂದು ತಮಾಷೆ. ತ್ರೀಡಿ ಸಾಫ್ಟ್‌ವೇರ್‌ನ ಹೊಟ್ಟೆಯೊಳಗೆ ಆಕಾರದ ಲೆಕ್ಕ ಮಾಡೋದಕ್ಕೆ ಕರ್ನೆಲ್ ಅಂತ ಇರುತ್ತೆ. ಸಾಲಿಡ್‌ವರ್ಕ್ಸ್ 1997ರಿಂದ ದಾಸೋ ಸಿಸ್ಟಮ್ಸ್‌ನದ್ದು, ಆದರೆ ಅದರ ಕರ್ನೆಲ್ ಪ್ಯಾರಾಸಾಲಿಡ್, ಅದರ ಒಡೆಯರು ಸೀಮೆನ್ಸ್. ಅಂದ್ರೆ ಪ್ರತಿಸ್ಪರ್ಧಿಯ ಎಂಜಿನ್ ಹಾಕ್ಕೊಂಡು ಓಡ್ತಾ ಇರೋದು. ಸಾಲಿಡ್ ಎಡ್ಜ್, ಎನ್ಎಕ್ಸ್, ಆನ್‌ಶೇಪ್ ಎಲ್ಲಕ್ಕೂ ಅದೇ. ಹೀಗಾಗಿ ಈ ನಾಲ್ಕರ ನಡುವೆ ಫೈಲ್ ಓಡಾಡಬೇಕು ಅಂದ್ರೆ ಸ್ಟೆಪ್‌ಗಿಂತ ಪ್ಯಾರಾಸಾಲಿಡ್ ಫೈಲ್ ಕೇಳಿ, ಮುಖಗಳ ನಡುವೆ ಬಿರುಕು ಬರೋದು ಕಡಿಮೆ.

ಉದ್ಯಮಬಾಗ ಪ್ಯಾಟರ್ನ್

ನಮಸ್ಕಾರ್ರಿ. ಬೆಳಗಾವಿ ಕಡೆಯವರ ಮಾತೂ ಒಂದಿಷ್ಟ ಕೇಳ್ರಿ. ನಮ್ಮದು ಪ್ಯಾಟರ್ನ್ ಶಾಪ್, ಫೌಂಡ್ರಿಗೋಳಿಗೆ ಕೆಲಸ. ಮೊದ್ಲ ಕಟಿಗಿ ಪ್ಯಾಟರ್ನ್ ಮಾಡೋರ ಕಡೆ ಶ್ರಿಂಕೇಜ್ ಸ್ಕೇಲ್ ಅಂತ ಬ್ಯಾರೆನ ಸ್ಕೇಲ್ ಇರತಿತ್ತು. ಬೀಡ ಕಬ್ಬಿಣಾ ಆರಿದಾಗ ಸುಮಾರ ಒಂದ ಪರ್ಸೆಂಟ್ ಕುಗ್ಗತೈತಿ, ಅಷ್ಟ ದೊಡ್ಡ ಮಾಡಿದ ಸ್ಕೇಲ್ ಅದು. ಉಕ್ಕಿಗೆ ಎರಡರ ಹತ್ರ, ಅದಕ್ಕ ಬ್ಯಾರೆ ಸ್ಕೇಲ್. ಈಗ ಮಾಡೆಲ್ ತಗೊಂಡು ಸ್ಕೇಲ್ 1.01 ಅಂತ ಕೊಟ್ರ ಆತು. ಮಷಿನಿಂಗ್ ಅಲೊವೆನ್ಸ್, ಡ್ರಾಫ್ಟ್ ಆಂಗಲ್, ಕೋರ್ ಪ್ರಿಂಟ್ ಹಾಕಿ ಸಿಎನ್‌ಸಿಗೆ ಕಳಸತೇವಿ.

ಇದನ್ನ ಯಾಕ ಹೇಳಾಕತ್ತೇನಿ ಅಂದ್ರ, ನಮ್ಮ ಕೆಲಸಾ ಟೂಡಿಯೊಳಗ ಆಗೂದ ಇಲ್ಲ. ಪಂಪಿನ ವೊಲ್ಯೂಟ್ ಕೇಸಿಂಗ್ ಟೂಡಿ ಡ್ರಾಯಿಂಗ್ ನೋಡಿ ಮಾಡಾವ್ರು ಇದ್ರು, ಅವರ ಕೈಯಾಗ ಆ ಕಲಾ ಇತ್ತು. ಅವರ ಹಿಂದ ಬಂದವರಿಗೆ ಅದು ಬರಲಿಲ್ಲ. ನಿಮ್ಮ ಪ್ಯಾನೆಲ್ ಬಾಕ್ಸ್ ಹಂಗಲ್ಲ, ನಾಕ ಬೆಂಡು, ಒಂದಿಷ್ಟ ತೂತು. ಅದಕ್ಕ ದೊಡ್ಡ ಸಾಫ್ಟ್‌ವೇರ್ ಬ್ಯಾಡ್ರಿ.

ಪೆಂಗ್ವಿನ್

ಕೇಳಿ ಖುಷಿಯಾಯ್ತು ಅಣ್ಣ. ಫ್ರೀಕ್ಯಾಡೇ ಸಾಕು ಅಂತ ತಾನೇ?

ಉದ್ಯಮಬಾಗ ಪ್ಯಾಟರ್ನ್

ತಡೀಪಾ ತಮ್ಮಾ. ಹಂಗ ಅಂದಿಲ್ಲ ನಾ. ಫ್ರೀಕ್ಯಾಡ್‌ನಾಗ ಫಿಲೆಟ್ ಹಾಕುವಾಗ ಅದು ಕೈ ಎತ್ತತೈತಿ. ಮೂರ ಅಂಚು ಕೂಡೋ ಮೂಲ್ಯಾಗ ರೇಡಿಯಸ್ ಜರಾ ಹೆಚ್ಚಾದ್ರ ಸಾಕು, ಕೆಂಪ ಎರರ್. ಕಾಸ್ಟಿಂಗ್ ಅಂದ್ರ ಪೂರಾ ಫಿಲೆಟ್ ಆಟ. ನಮಗ ಆಗಿ ಬರೂದಿಲ್ಲ.

ಪೆಂಗ್ವಿನ್

ಫಿಲೆಟ್ ವಿಷಯ ಒಪ್ತೀನಿ, ಅದು ಓಪನ್‌ಕ್ಯಾಸ್ಕೇಡ್ ಕರ್ನೆಲ್‌ನ ಮಿತಿ, ವಾದ ಮಾಡಲ್ಲ. ಶೀಟ್‌ಮೆಟಲ್‌ನಲ್ಲಿ ಆ ಥರ ಫಿಲೆಟ್ ಎಲ್ಲಿ ಬರುತ್ತೆ?

ಜನ ಫ್ರೀಕ್ಯಾಡ್ ಬಿಟ್ಟಿದ್ದಕ್ಕೆ ದೊಡ್ಡ ಕಾರಣ ಬೇರೆ. ಒಂದು ಮುಖದ ಮೇಲೆ ಸ್ಕೆಚ್ ಹಾಕಿದ್ರೆ ಅದು ಆ ಮುಖವನ್ನ ‘ಫೇಸ್ 6’ ಅಂತ ನಂಬರಿನಿಂದ ನೆನಪಿಟ್ಕೊಳ್ತಾ ಇತ್ತು. ಹಿಂದಕ್ಕೆ ಹೋಗಿ ಇನ್ನೊಂದು ತೂತು ಸೇರಿಸಿದ್ರೆ ನಂಬರ್‌ಗಳೆಲ್ಲ ಬದಲಾಗಿ, ನಿಮ್ಮ ಸ್ಕೆಚ್ ಹೋಗಿ ಬೇರೆ ಮುಖಕ್ಕೆ ಅಂಟಿಕೊಳ್ತಿತ್ತು. ಟೊಪೊಲಾಜಿಕಲ್ ನೇಮಿಂಗ್ ಸಮಸ್ಯೆ ಅಂತ ಅದಕ್ಕೆ. 1.0ರಲ್ಲಿ ಅದನ್ನ ಬಹುಮಟ್ಟಿಗೆ ಸರಿ ಮಾಡಿದಾರೆ, ಅಸೆಂಬ್ಲಿಗೂ ಅದರದ್ದೇ ವರ್ಕ್‌ಬೆಂಚ್ ಬಂದಿದೆ. ಆದ್ರೂ ನನ್ನ ಸಲಹೆ: ಸ್ಕೆಚ್‌ಗಳನ್ನ ಆದಷ್ಟೂ ಎಕ್ಸ್‌ವೈ, ಎಕ್ಸ್‌ಜೆಡ್ ಮೂಲ ಪ್ಲೇನ್‌ಗಳಿಗೇ ಕಟ್ಟಿ, ಮಾಡೆಲ್‌ನ ಮುಖಕ್ಕೆ ಕಟ್ಟಬೇಡಿ. ಈ ಅಭ್ಯಾಸ ಯಾವ ಸಾಫ್ಟ್‌ವೇರ್‌ಗೆ ಹೋದ್ರೂ ಕೈ ಹಿಡಿಯುತ್ತೆ.

ಹಳೇ ಬೋರ್ಡು

ಈಗ ಅಸಲು ವಿಷಯಕ್ಕೆ ಬರ್ತೀನಿ. ಪ್ಯಾನೆಲ್ ಅವರೇ, ನಿಮ್ಮ ಕೆ ಫ್ಯಾಕ್ಟರ್, ಅಂದ್ರೆ ಬಗ್ಗಿಸಿದಾಗ ಹಿಗ್ಗದೇ ಕುಗ್ಗದೇ ಉಳಿಯೋ ಪದರ ಒಳಗಡೆಯಿಂದ ಶೀಟ್ ದಪ್ಪದ ಎಷ್ಟು ಪಾಲಲ್ಲಿದೆ ಅನ್ನೋದು, ಎಷ್ಟು?

ಪ್ಯಾನೆಲ್ ಪೀಣ್ಯ

ಸರ್, ನಮ್ಮ ಆಪರೇಟರ್ ಹತ್ರ ಒಂದು ಹಳೇ ಚಾರ್ಟ್ ಇದೆ. ‘2 ಎಂಎಂಗೆ ಬೆಂಡಿಗೆ ಮೂರೂವರೆ ಕಳೆಯಿರಿ’ ಅಂತಾನೆ. ಅದೇ ನಡೀತಿದೆ.

ಹಳೇ ಬೋರ್ಡು

ಆ ಆಪರೇಟರ್‌ಗೆ ಒಂದು ಕಾಫಿ ಕೊಡಿಸಿ, ಅವನ ಲೆಕ್ಕ ಸರಿ ಇದೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಬಿಡಿಸಿ ಬರೀತೀನಿ.

2 ಎಂಎಂ ಸಿಆರ್‌ಸಿಎ (ಕೋಲ್ಡ್ ರೋಲ್ಡ್ ಉಕ್ಕು) ಶೀಟು, ಒಳಗಿನ ರೇಡಿಯಸ್ 2, 90 ಡಿಗ್ರಿ ಬೆಂಡು ಅಂತ ಇಟ್ಕೊಳ್ಳಿ. ಬೆಂಡ್ ಅಲೊವೆನ್ಸ್ (ಬೆಂಡಿನ ಭಾಗಕ್ಕೆ ಬೇಕಾಗೋ ಶೀಟಿನ ಉದ್ದ) ಅಂದ್ರೆ 1.5708 × (ರೇಡಿಯಸ್ + ಕೆ × ದಪ್ಪ). ಕೆ 0.33 ಇಟ್ರೆ 4.18 ಬರುತ್ತೆ, 0.44 ಇಟ್ರೆ 4.52. ವ್ಯತ್ಯಾಸ ಸುಮಾರು 0.35 ಎಂಎಂ, ಒಂದು ಬೆಂಡಿಗೆ. ನಾಲ್ಕು ಬೆಂಡಿನ ಬಾಕ್ಸ್ ಅಂದ್ರೆ ಹತ್ತಿರ ಹತ್ತಿರ 1.4 ಎಂಎಂ. ಬಾಗಿಲು ಕೂರಲ್ಲ.

ಸಾಫ್ಟ್‌ವೇರ್ ಒಂದು ಕೆ ತುಂಬಿಕೊಂಡೇ ಬರುತ್ತೆ, ಅದು ನಿಮ್ಮ ಮಷಿನಿಂದಲ್ಲ. ನಿಮ್ಮ ಡೈ ವಿ ಅಗಲ, ನಿಮ್ಮ ಪಂಚ್, ನಿಮಗೆ ಶೀಟ್ ಕೊಡೋರ ಮಾಲು, ಇದರ ಮೇಲೆ ಹೋಗುತ್ತೆ. ಕಂಡುಹಿಡಿಯೋದು ಕಷ್ಟವೇನಿಲ್ಲ. ಸರಿಯಾಗಿ 100 ಎಂಎಂ ಉದ್ದದ ಪಟ್ಟಿ ಕತ್ತರಿಸಿ, ಮಧ್ಯದಲ್ಲಿ 90ಕ್ಕೆ ಬಗ್ಗಿಸಿ, ಎರಡು ಕಾಲಿನ ಹೊರ ಅಳತೆ ವರ್ನಿಯರ್‌ನಲ್ಲಿ ತೆಗೆದು ಕೂಡಿಸಿ. 103.5 ಬಂದ್ರೆ ನಿಮ್ಮ ಕೆ 0.44ರ ಹತ್ತಿರ, 103.8 ಬಂದ್ರೆ 0.33ರ ಹತ್ತಿರ. ಆಪರೇಟರ್ ಹೇಳೋ ಮೂರೂವರೆ ಇದೇ. ಒಳ ರೇಡಿಯಸ್ ಎಷ್ಟು ಬಂದಿದೆ ಅಂತ ರೇಡಿಯಸ್ ಗೇಜ್‌ನಲ್ಲಿ ನೋಡಿ, ನಾನು 2 ಅಂದಿದ್ದು ಲೆಕ್ಕಕ್ಕೆ. ಪ್ರತಿ ದಪ್ಪಕ್ಕೂ, ಎಂಎಸ್‌ಗೆ ಬೇರೆ, ಎಸ್ಎಸ್‌ಗೆ ಬೇರೆ ಮಾಡಿ ಒಂದು ಪಟ್ಟಿ ಗೋಡೆಗೆ ಅಂಟಿಸಿ.

ಇದರಿಂದ ಇನ್ನೊಂದು ತೀರ್ಮಾನ ಬರುತ್ತೆ. ಕಸ್ಟಮರ್ ಬಿಚ್ಚಿದ ಶೀಟಿನ ಡಿಎಕ್ಸ್‌ಎಫ್ ಕಳಿಸಿದ್ರೆ ಅದು ಅವರ ಕೆ. ಅದನ್ನ ನೇರವಾಗಿ ಲೇಸರ್‌ಗೆ ಕೊಡಬೇಡಿ. ಸ್ಟೆಪ್ ತಗೊಳ್ಳಿ, ನಿಮ್ಮ ಕೆ ಹಾಕಿ ನೀವೇ ಬಿಚ್ಚಿ. ತ್ರೀಡಿ ನಿಮಗೆ ಬೇಕಾಗಿರೋದು ಇಷ್ಟಕ್ಕೇ. ಚಂದದ ಚಿತ್ರಕ್ಕಲ್ಲ.

ವಿಮಾನಪುರ

ಇದನ್ನ ಪ್ರಿಂಟ್ ತೆಗೆದು ಇಟ್ಕೊಂಡೆ ಸರ್. ಒಂದು ಸೇರಿಸಲಾ? ಹೊರದೇಶದ ಡ್ರಾಯಿಂಗ್ ಬಂದಾಗ ಟೈಟಲ್ ಬ್ಲಾಕ್ ಹತ್ರ ಪ್ರೊಜೆಕ್ಷನ್ ಚಿಹ್ನೆ ನೋಡಿ. ನಮ್ಮ ಬಿಐಎಸ್‌ನ ಎಸ್‌ಪಿ 46 ಪ್ರಕಾರ ನಾವು ಫಸ್ಟ್ ಆಂಗಲ್, ಅಮೆರಿಕದವರು ಥರ್ಡ್ ಆಂಗಲ್, ಮೇಲಿನ, ಪಕ್ಕದ ನೋಟ ಇಡೋ ಜಾಗ ಎರಡರಲ್ಲಿ ಅದಲುಬದಲು. ಪಿಡಿಎಫ್ ನೋಡಿಕೊಂಡು ಮತ್ತೆ ಗೆರೆ ಎಳೆಯೋ ಶಾಪುಗಳಲ್ಲಿ ಬ್ರಾಕೆಟ್ ಕನ್ನಡಿಯಲ್ಲಿ ನೋಡಿದಂಗೆ ಉಲ್ಟಾ ಆಗಿ ಬರೋದು ಇಲ್ಲೇ. ಸ್ಟೆಪ್‌ನಲ್ಲಿ ಆ ಪ್ರಶ್ನೆನೇ ಏಳಲ್ಲ.

ದಾವಣಗೆರೆ ಪ್ಲಾನ್

ಲೈಸೆನ್ಸ್ ಬಗ್ಗೆ ಯಾರೂ ಮಾತಾಡ್ತಾ ಇಲ್ಲ. ಸಣ್ಣ ಶಾಪಿಗೆ ಅದೇ ಮುಖ್ಯ. ಆಟೋಡೆಸ್ಕ್ 2016ರಲ್ಲಿ ಪರ್ಮನೆಂಟ್ ಲೈಸೆನ್ಸ್ ಮಾರೋದು ನಿಲ್ಲಿಸ್ತು, ಈಗ ಬರೀ ಚಂದಾ. ಚಂದಾ ನಿಂತ ದಿನ ಸಾಫ್ಟ್‌ವೇರೂ ನಿಂತು ಹೋಗುತ್ತೆ. ಡ್ರಾಫ್ಟ್‌ಸೈಟ್ ಎಷ್ಟೋ ಜನ ಪುಕ್ಕಟೆ ಅಂತ ಬಳಸ್ತಿದ್ರು, 2019ರ ಕೊನೆಗೆ ಅದೂ ಮುಗೀತು. ಬ್ರಿಕ್ಸ್‌ಕ್ಯಾಡ್‌ನ 2018ರಲ್ಲಿ ಹೆಕ್ಸಾಗನ್ ಕಂಪನಿ ಕೊಂಡ್ಕೊಂಡಿತು, ಆದ್ರೂ ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಕೊಳ್ಳೋ ದಾರಿ ಬಿಟ್ಟಿಲ್ಲ. ಅಪ್‌ಡೇಟ್ ಬೇಕು ಅಂದ್ರೆ ಮಾತ್ರ ಬೇರೆ ದುಡ್ಡು. ನನ್ನಂಥೋನಿಗೆ, ಮಳೆಗಾಲದಲ್ಲಿ ಕೆಲಸ ಕಡಿಮೆ ಆದ್ರೆ ಸಾಫ್ಟ್‌ವೇರ್ ಬೀಗ ಹಾಕ್ಕೊಳ್ಳಲ್ಲ ಅನ್ನೋ ಧೈರ್ಯವೇ ದೊಡ್ಡದು.

ಟೂಲ್‌ರೂಮ್ ಹುಡುಗಿ

ಫ್ಯೂಷನ್ ಉಚಿತ ಅಲ್ವಾ? ನಮ್ಮ ಕ್ಲಾಸಲ್ಲಿ ಎಲ್ಲರೂ ಅದನ್ನೇ ಹಾಕ್ಕೊಂಡಿದಾರೆ.

ನೆಕ್ಕರ್ ದಂಡೆ

ವಿದ್ಯಾರ್ಥಿಗಳಿಗೆ, ಮನೆಯ ಹವ್ಯಾಸಕ್ಕೆ ಉಚಿತ. ದುಡ್ಡು ಬರೋ ಕೆಲಸಕ್ಕೆ ಅಲ್ಲ. 2020ರಲ್ಲಿ ಆ ಉಚಿತ ಆವೃತ್ತಿಯನ್ನ ಇನ್ನಷ್ಟು ಬಿಗಿ ಮಾಡಿ, ಒಟ್ಟಿಗೆ ತಿದ್ದಬಹುದಾದ ಫೈಲುಗಳನ್ನ ಹತ್ತಕ್ಕೆ ಇಳಿಸಿದ್ರು. ಸ್ಟೆಪ್ ಎಕ್ಸ್‌ಪೋರ್ಟ್ ಕೂಡ ತೆಗೀತೀವಿ ಅಂದು, ಜನ ಗಲಾಟೆ ಮಾಡಿದ ಮೇಲೆ ಬಿಟ್ಟರು. ಆನ್‌ಶೇಪ್ ಉಚಿತ ಖಾತೆಯಲ್ಲಿ ನಿಮ್ಮ ಡಿಸೈನ್ ಲೋಕಕ್ಕೆಲ್ಲ ಕಾಣುತ್ತೆ. ಕಸ್ಟಮರ್ ಡ್ರಾಯಿಂಗ್ ಅಲ್ಲಿ ಹಾಕಿದ್ರೆ ಅವರು ಸುಮ್ಮನಿರಲ್ಲ. ಕಲಿಯೋಕೆ ಎರಡೂ ಬಲು ಚೆನ್ನಾಗಿವೆ ತಂಗಿ, ಕಲಿ.

ಒಂದೇ ಮಾತು

ಇಷ್ಟೆಲ್ಲ ಓದಿದ ಮೇಲೂ ಹೇಳ್ತೀನಿ, ಸಾಲಿಡ್‌ವರ್ಕ್ಸ್. ಈ ಸಲ ಕಾರಣ ಕೊಡ್ತೀನಿ, ಬೈಬೇಡಿ. ಹುಡುಗರು ಸಿಗ್ತಾರೆ. ನಿಮ್ಮ ಐಟಿಐ ಹುಡುಗ ನಾಳೆ ಬೇರೆ ಕಡೆ ಹೋದ್ರೆ, ಪೀಣ್ಯದಲ್ಲಿ ಗೇಟ್ ಮುಂದೆ ಬೋರ್ಡ್ ಹಾಕಿದ್ರೆ ಸಾಲಿಡ್‌ವರ್ಕ್ಸ್ ಬರೋರು ಸಾಲು ನಿಲ್ತಾರೆ. ಫ್ರೀಕ್ಯಾಡ್ ಬರೋರನ್ನ ಎಲ್ಲಿ ಹುಡುಕ್ತೀರಿ? ಸಾಫ್ಟ್‌ವೇರ್ ದುಡ್ಡು ಒಂದು ಕಡೆ, ಹುಡುಗನಿಗೆ ಕಲಿಸೋ ಮೂರು ತಿಂಗಳ ಸಂಬಳ ಇನ್ನೊಂದು ಕಡೆ.

ಹಳೇ ಬೋರ್ಡು

ಈ ಸಲ ಮಾತಲ್ಲಿ ತೂಕ ಇದೆ. ನಾನಿದನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಪೆಂಗ್ವಿನ್

ನನಗೂ ಇದಕ್ಕೆ ಒಳ್ಳೆ ಉತ್ತರ ಇಲ್ಲ. ಸಾಲಿಡ್‌ವರ್ಕ್ಸ್ ಬಂದೋನು ಫ್ರೀಕ್ಯಾಡ್‌ಗೆ ಒಗ್ಗಿಕೊಳ್ತಾನೆ, ಬೈಕೊಂಡು ಒಗ್ಗಿಕೊಳ್ತಾನೆ ಅಷ್ಟೇ.

ಪ್ಯಾನೆಲ್ ಪೀಣ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ವಾರ ಪಟ್ಟಿ ಬಗ್ಗಿಸಿ ನೋಡಿದ್ವಿ. 2 ಎಂಎಂ ಸಿಆರ್‌ಸಿಎಗೆ 103.5ರ ಆಸುಪಾಸೇ ಬಂತು, ಆಪರೇಟರ್ ಮುಖ ನೋಡಬೇಕಿತ್ತು. 1.2 ಎಂಎಂ ಎಸ್ಎಸ್ ಮಾತ್ರ ಚಾರ್ಟ್‌ಗೆ ಹೊಂದಲಿಲ್ಲ, ಅದನ್ನ ಹೊಸದಾಗಿ ಬರೆದ್ವಿ.

ಕಸ್ಟಮರ್‌ದು ಒಂದು ಸ್ಟೆಪ್ ತಗೊಂಡು ಫ್ರೀಕ್ಯಾಡ್‌ನಲ್ಲಿ ಬಿಚ್ಚಿದ್ವಿ. ಸಾದಾ ಬಾಕ್ಸ್ ನೀಟಾಗಿ ಬಂತು. ಇನ್ನೊಂದರಲ್ಲಿ ಮೂಲೆ ವೆಲ್ಡ್ ಆದಂಗೆ ಒಂದೇ ತುಂಡಾಗಿ ಮಾಡೆಲ್ ಮಾಡಿದ್ರು, ಸೀಳೇ ಇಲ್ಲ, ಅದು ಬಿಚ್ಚಲಿಲ್ಲ. ಸಾಲಿಡ್‌ವರ್ಕ್ಸ್ ಇರೋ ಸ್ನೇಹಿತನ ಹತ್ರ ಹೋದೆ. ಕನ್ವರ್ಟ್ ಟು ಶೀಟ್‌ಮೆಟಲ್ ಅಂತ ಕೊಟ್ಟು, ಯಾವ ಅಂಚು ಬೆಂಡು, ಯಾವ ಅಂಚು ಸೀಳಬೇಕು ಅಂತ ಆರಿಸಿದ, ಎರಡು ನಿಮಿಷದಲ್ಲಿ ಬಿಚ್ಚಿ ಕೊಟ್ಟ. ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ಸುಳ್ಳು ಹೇಳಲ್ಲ.

ಸದ್ಯಕ್ಕೆ ಹೀಗೆ ಅಂದ್ಕೊಂಡಿದೀನಿ. ಟೂಡಿಗೆ ಬ್ರಿಕ್ಸ್‌ಕ್ಯಾಡ್ ಒಂದು ಸೀಟ್, ಪರ್ಮನೆಂಟ್. ಹುಡುಗನ ಕಂಪ್ಯೂಟರ್‌ನಲ್ಲಿ ಫ್ರೀಕ್ಯಾಡ್. ಹಠ ಮಾಡೋ ಪಾರ್ಟ್‌ಗಳನ್ನ ಸ್ನೇಹಿತನ ಡಿಸೈನ್ ಆಫೀಸಿಗೆ ದುಡ್ಡು ಕೊಟ್ಟು ಬಿಚ್ಚಿಸ್ತೀನಿ. ಅಂಥವು ತಿಂಗಳಿಗೆ ಎಷ್ಟು ಬರ್ತವೆ ಅಂತ ಬರೆದಿಡ್ತಾ ಇದೀನಿ. ಆ ಬಿಲ್ಲು ಸಾಲಿಡ್‌ವರ್ಕ್ಸ್ ಕಂತಿನ ಹತ್ರ ಬಂದ ದಿನ ‘ಒಂದೇ ಮಾತು’ ಗೆದ್ದಂಗೆ.

ಕೊನೇದೊಂದು ಪ್ರಶ್ನೆ. ಲೇಸರ್‌ನವರು ಕೆಲವೊಮ್ಮೆ ‘ನಿಮ್ಮ ಫೈಲಲ್ಲಿ ಕರ್ವ್ ಕಾಣ್ತಿಲ್ಲ’ ಅಂತಾರೆ. ಯಾಕೆ?

ಹಳೇ ಬೋರ್ಡು

ಬಹುಶಃ ಸ್ಪ್ಲೈನ್ ಅಥವಾ ಎಲಿಪ್ಸ್ ಇರಬೇಕು, ಅವರ ನೆಸ್ಟಿಂಗ್ ಸಾಫ್ಟ್‌ವೇರ್ (ತುಂಡುಗಳನ್ನ ಶೀಟ್ ಮೇಲೆ ಜೋಡಿಸೋದು) ಅದನ್ನ ಓದ್ತಾ ಇಲ್ಲ. ಡಿಎಕ್ಸ್‌ಎಫ್ ಆರ್12ರಲ್ಲಿ ಸೇವ್ ಮಾಡಿ ಕೊಡಿ. ಆ ಕಾಲದ ಫಾರ್ಮ್ಯಾಟಲ್ಲಿ ಸ್ಪ್ಲೈನ್ ಅನ್ನೋದೇ ಇರಲಿಲ್ಲ, ಹಾಗಾಗಿ ಎಲ್ಲ ಪಾಲಿಲೈನ್ ಆಗಿ ಹೋಗುತ್ತೆ. ಆದರೆ ಆರ್12ರಲ್ಲಿ ಇಂಚೋ ಎಂಎಂಓ ಅನ್ನೋ ಗುರುತೂ ಇರಲ್ಲ. ಫೈಲ್ ಹೆಸರಲ್ಲೇ ಎಂಎಂ ಅಂತ ಬರೀರಿ, ಮೂಲೇಲಿ ಒಂದು ಅಳತೆ ಫೋನಲ್ಲಿ ಹೇಳಿ ಅವರ ಸ್ಕ್ರೀನಲ್ಲಿ ತಾಳೆ ನೋಡಿಸಿ. ಕಳಿಸೋ ಮುಂಚೆ ಓವರ್‌ಕಿಲ್ ಕಮಾಂಡ್ ಓಡಿಸಿ. ಗೆರೆ ಮೇಲೆ ಗೆರೆ ಕೂತಿದ್ರೆ ಲೇಸರ್ ಅದೇ ಜಾಗ ಎರಡು ಸಲ ಸುಡುತ್ತೆ, ಬಿಲ್ಲೂ ಎರಡು ಸಲದ್ದು.

ಉದ್ಯಮಬಾಗ ಪ್ಯಾಟರ್ನ್

ಬಿಲ್ಲಿನ ಮಾತು ಖರೆ ಐತ್ರಿ ಸರ. ಪ್ಯಾನೆಲ್ ಅವ್ರ, ಆ 1.2 ಎಸ್ಎಸ್‌ಗೆ ಎಷ್ಟ ಬಂತು, ಡೈ ವಿ ಎಷ್ಟ ಇತ್ತು, ಇಲ್ಲೇ ಹಾಕ್ರಿ. ನಮ್ಮ ಬಾಜೂ ಶಾಪಿನವರು ಕೇಳಾಕತ್ತಾರ.